ಹತ್ತನೇ ಕಾರ್ನರ್

...ಅದನ್ನೇ ಹೇಳ್ತಾ ಇರೋದು ಅಕ್ಕ, ಪ್ರತಿ ಗಂಟೆಗೂ ಭಾವನ ಆಕ್ಸಿಜನ್ ನೋಡಿದ್ದೇನೆ. ಬರೆದಿಟ್ಟ ಪುಸ್ತಕ ನಿನ್ನ ಕೈಯಲ್ಲೇ ಉಂಟಲ್ಲ. ನಿನ್ನೆ ಬೆಳಿಗ್ಗೆ ಎಂಟು, ತೊಂಬತ್ತಾರು. ಒಂಬತ್ತು, ತೊಂಬತ್ತಾರು. ಹತ್ತು, ತೊಂಬತ್ತೇಳು... ನಿನಗೆ ವಾಟ್ಸಾಪ್ ಮಾಡಿದ್ದೂ ಇದನ್ನೇ. ಊಟದ ಬಿಡುವಿನಲ್ಲಿ ನೀನು 'ಗುಡ್' ಅಂತ ಕಳಿಸಿದ್ದೂ ಉಂಟು.

ಒಳಗೆ ಬಾ. ಬಾಗಿಲಲ್ಲೇ ಎಷ್ಟು ಹೊತ್ತು ನಿಲ್ತೀಯ?... ಆಯ್ತು, ಬೇಡ. ಕೋವಿಡ್ ಬಂದ ಭಾವನ ಜೊತೆ ಮನೆಯಲ್ಲಿದ್ದವ ನಾನು, ದೂರ ನಿಲ್ಬೇಕು, ಗೊತ್ತು. ನಿನ್ನೆ ಆಂಬುಲೆನ್ಸಿನವರೂ ಅದನ್ನೇ ಹೇಳಿ ಹೋದ್ರು. ಆ ಬ್ಯಾಗಾದ್ರೂ ಕೆಳಗಿಡು ಮಾರಾಯ್ತಿ. ನಿನ್ನೆ ಬೆಳಿಗ್ಗೆಯಿಂದ ಕೋವಿಡ್ ವಾರ್ಡಿನಲ್ಲಿ ಡ್ಯೂಟಿ, ರಾತ್ರಿಯಿಡೀ ಗಂಡನ ಐಸಿಯು ಬಾಗಿಲಲ್ಲಿ... ನೀನು ಡಾಕ್ಟ್ರಾದ್ರೂ ಮನುಷ್ಯಳೇ ಅಲ್ವಾ?

ಉಸಿರಿನ ಟ್ಯೂಬ್ ತೆಗೆದ್ರಾ?... ಇಲ್ಲ. ಸರಿ.

ಎಂತ, ಯಾವಾಗಿಂದ ಇಳಿಯಲಿಕ್ಕೆ ಶುರು ಆಯ್ತು ಅಂತ ಕೇಳ್ತಾರಾ ಅಲ್ಲಿ? ಆರರಿಂದ ಏಳರ ಒಳಗೆ ಅಂತ ಹೇಳು. ಬರೆದದ್ದೇ ಉಂಟಲ್ಲ. ಆರಕ್ಕೆ ತೊಂಬತ್ತೇಳು. ಏಳಕ್ಕೆ ಗಂಜಿ ಇಡ್ಲಿಕ್ಕೆ ಹೋದ್ರೆ ಬಾಗಿಲ ಹತ್ರ ನೆಲದಲ್ಲಿ ಬಿದ್ದಿದ್ರು. ತುಟಿ ಎಲ್ಲಾ ನೀಲಿ. ಈ ಕಾಯಿಲೆಯೇ ಹಾಗೆ ಅಂತ ನೀನೇ ಹೇಳಿದ್ದಲ್ವಾ, ನಗ್ತಾ ಮಾತಾಡ್ತಾ ಇದ್ದವರಿಗೂ ಒಳಗೆ ಆಕ್ಸಿಜನ್ ಇಳೀತಾ ಇರ್ತದೆ ಅಂತ?

ತಲೆ ಯಾಕೆ ಅಲ್ಲಾಡಿಸ್ತೀಯ? ಎರಡು ಮಾಸ್ಕ್, ಗ್ಲೌಸ್, ನೀನು ತಂದಿಟ್ಟ ಆ ಪ್ಲಾಸ್ಟಿಕ್ ಏಪ್ರನ್, ಎಲ್ಲಾ ಹಾಕಿ, ಫ್ರಿಜ್ ಮೇಲಿನ ಹಳೇ ಮೈಲೋ ಪುಡಿಯ ಡಬ್ಬಿಯಿಂದ ಆಕ್ಸಿಮೀಟರ್ ತೆಗೆದು, ಭಾವನ ಬೆರಳಿಗೆ ನಾನೇ ಸಿಕ್ಕಿಸಿದ್ದು. ಬೆರಳು ತಣ್ಣಗಿದ್ರೆ ತಪ್ಪು ತೋರಿಸ್ತದೆ ಅಂದಿದ್ದಿ ನೀನು. ಅದಕ್ಕೆ ಅವರ ಕೈ ತಿಕ್ಕಿ ಬಿಸಿ ಮಾಡಿ ಹಾಕಿದ್ದೇನೆ. ಮತ್ತೆ ಸ್ಪಿರಿಟ್ಟಿನಲ್ಲಿ ಒರೆಸಿ ಡಬ್ಬಿಗೆ. ಮನೆಯಲ್ಲಿ ಇರೋದೇ ಒಂದು, ಬ್ರಿಕ್‌ಫೀಲ್ಡ್ಸ್‌ನ ಮೆಡಿಕಲ್ ಅಂಗಡಿಯಲ್ಲಿ ಎರಡು ಗಂಟೆ ಕ್ಯೂ ನಿಂತು ತಂದದ್ದು, ಹಾಳಾಗ್ಬಾರ್ದಲ್ಲ.

ಫೋನಾ? ಬಡ್ಕೊಳ್ಳಲಿ ಬಿಡು. ಯಾರೋ ಲೋಕೇಶ ಅಂತ, ನಿನಗೆ ಗೊತ್ತಿಲ್ಲ... ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಕ್ಕ?... ಸರಿ, ಹೇಳ್ತೇನೆ. ಅವನ ಹತ್ರ ಒಂದು ಬೆಟ್ ಹಾಕಿದ್ದೆ. ಫುಟ್ಬಾಲಿಗೆ. ಮುಖ ತಿರುಗಿಸ್ಬೇಡ. ನಾನು ಕೆಲಸಕ್ಕಿದ್ದ ಹೋಟೆಲ್ ಮುಚ್ಚಿ ಹದಿನಾರು ತಿಂಗಳಾಯ್ತು. ರಿಸೆಪ್ಷನ್ನಲ್ಲಿ ದಿನಕ್ಕೆ ನೂರು ಜನರ ಹತ್ರ ಮಾತಾಡ್ತಿದ್ದವ ನಾನು. ಈಗ ಪರದೇಶದ ಈ ಪೆಟಾಲಿಂಗ್ ಜಯಾದ ಫ್ಲ್ಯಾಟಿನಲ್ಲಿ ಗೆಳೆಯರ ಬಳಗವೂ ಇಲ್ಲದೆ, ನಿನ್ನ ಅನ್ನ ತಿಂದು ಗೋಡೆ ನೋಡ್ತಾ ಕೂತಿದ್ದೇನೆ. ಒಂದಾದ್ರೂ ಕಾಯ್ಲಿಕ್ಕೆ ಬೇಕಲ್ಲ ಮನುಷ್ಯನಿಗೆ.

ಕೊರಿಯಾದ ಮ್ಯಾಚು, ನಿನ್ನೆ ಭಾನುವಾರ ಸಂಜೆ ಐದಕ್ಕೆ. ಆಟಗಾರರ ಹೆಸರು ಹೇಳ್ಲಿಕ್ಕೂ ನನಗೆ ಬರೋದಿಲ್ಲ. ಒಂದೇ ಮ್ಯಾಚಿನ ನಾಲ್ಕು ವಿಷಯ ಸೇರಿಸಿ ಒಂದೇ ಬೆಟ್. ಕೆಂಪು ಅಂಗಿಯವರು ಗೆಲ್ಬೇಕು. ಎರಡೂ ಕಡೆಯವರು ಗೋಲ್ ಹೊಡೀಬೇಕು. ಆರನೇ ನಂಬರಿನವನಿಗೆ ಹಳದಿ ಕಾರ್ಡ್ ಸಿಗ್ಬೇಕು. ಮತ್ತೆ, ಮೂಲೆಯಿಂದ ಒದೆಯುವ ಆ ಕಾರ್ನರ್ ಕಿಕ್, ಎರಡೂ ಕಡೆ ಸೇರಿ ಹತ್ತು ಆಗ್ಬೇಕು. ಮೂರು ಸರಿಯಾಗಿ ಒಂದು ತಪ್ಪಿದ್ರೂ ಎಲ್ಲಾ ಹೋಯ್ತು. ಅದಕ್ಕೇ ಗೆದ್ರೆ ಜಾಸ್ತಿ ಕೊಡೋದು.

ಆ ಹತ್ತು ಕಾರ್ನರ್ ಯಾರದ್ದು ಗೊತ್ತುಂಟಾ? ಭಾವನದ್ದು. ಕೋಣೆಯೊಳಗಿಂದಲೇ 'ಕೀರ್ತಿ, ನಂದೂ ಒಂದು ಸೇರಿಸು' ಅಂದ್ರು. ನಿನ್ನ ಅಕ್ಕನಿಗೆ ಹೇಳ್ಬೇಡ ಅಂತ ಆಣೆ ಬೇರೆ. ನಗ್ತೀಯಾ?... ಓ, ಅಳ್ತಾ ಇದ್ದೀಯ. ಮಾಸ್ಕ್ ಇದ್ರೆ ಗೊತ್ತಾಗೋದಿಲ್ಲ.

ನಾನು ಇದನ್ನೆಲ್ಲ ಹೇಳಿದ್ದು ಯಾಕೆ ಅಂದ್ರೆ, ಅಷ್ಟು ಗಟ್ಟಿ ಇದ್ರು ಅವರು. ಮಧ್ಯಾಹ್ನ ಕೆಳಗಿನ ಮಾಮಕ್ ಹೋಟೆಲಿನಿಂದ ತರಿಸಿದ ರೊಟಿ ಚನಾಯ್ ಪರೋಟಾ ತಿಂದ್ರು. ಮೊದಲನೇ ಗೋಲ್ ಆದಾಗ 'ಎಷ್ಟಾಯ್ತು?' ಅಂತ ಒಳಗಿಂದ ಕೂಗಿದ್ರು. ಆಮೇಲೆ ಆರೂವರೆ ದಾಟಿದ ಮೇಲೆ ಸಹ ಸ್ಕೋರ್ ಕೇಳಿದ್ರು. ಆರೂವರೆಗೆ ಸ್ಕೋರ್ ಕೇಳುವ ಮನುಷ್ಯ ಏಳಕ್ಕೆ ಬೀಳ್ತಾನೆ ಅಂತ ಯಾರು ಎಣಿಸ್ತಾರೆ?

ಬಾಯಲ್ಲಿ ಕೇಳಿದ್ರಾ ಅಂದ್ರೆ?... ಇಲ್ಲ, ಎರಡನೇ ಸಲ ಬಾಯಲ್ಲಿ ಅಲ್ಲ. ಬಾಗಿಲಿಗೆ ಲೋಟ ಬಡಿದ್ರು. ಆ ಸ್ಟೀಲ್ ಲೋಟ. ಹೌದು, ನೀನು ಇಟ್ಟು ಹೋದದ್ದೇ, ಉಸಿರು ಕಟ್ಟಿ ಮಾತಾಡ್ಲಿಕ್ಕೆ ಆಗದಿದ್ರೆ ಬಡೀಲಿ ಅಂತ... ಆದ್ರೆ ಮ್ಯಾಚ್ ನಡೀತಿತ್ತಲ್ಲ ಅಕ್ಕ, ನಾನು ಸ್ಕೋರಿಗೇ ಅಂತ ಎಣಿಸಿದೆ. ಇಲ್ಲೇ ಸೋಫಾದಿಂದ ಕೂಗಿ ಹೇಳಿದೆ. 'ಎರಡು-ಒಂದು ಭಾವ, ಒಂಬತ್ತು ಕಾರ್ನರ್ ಆಯ್ತು, ಇನ್ನೊಂದೇ ಬಾಕಿ' ಅಂತ. ಬಡಿಯೋದು ನಿಂತಿತು. ಕೇಳಿಸ್ತು ಅವರಿಗೆ ಅಂತ ನಾನು...

ಹಾಗೆ ನೋಡ್ಬೇಡ. ಎದ್ದು ಹೋಗ್ಬೇಕಿತ್ತು, ಹೌದು. ಎಷ್ಟು ದೂರ, ಹನ್ನೆರಡು ಹೆಜ್ಜೆ. ಆದ್ರೆ ಆರಕ್ಕೆ ನೋಡಿದ್ದೆನಲ್ಲ? ಕೈ ತಿಕ್ಕಿ, ಬಿಸಿ ಮಾಡಿ, ಸಿಕ್ಕಿಸಿ, ಕಣ್ಣಾರೆ ತೊಂಬತ್ತೇಳು ನೋಡಿದ್ದು. ನಂಬಿಕೆ ಇಲ್ಲದಿದ್ರೆ ಹೋಗಿ ಫ್ರಿಜ್ ಮೇಲೆ ನೋಡು. ಒರೆಸಿಟ್ಟದ್ದು ಹಾಗೇ ಉಂಟು ಡಬ್ಬಿಯಲ್ಲಿ.

ಬ್ಯಾಗಿನಲ್ಲಿ ಎಂತ ಹುಡುಕ್ತೀಯ?

ಅದು...

ಅದು ನಮ್ಮ ಆಕ್ಸಿಮೀಟರಾ? ನೀಲಿ ದಾರದ್ದು... ನಮ್ಮದೇ. ನಿನ್ನ ಬ್ಯಾಗಿಗೆ ಹೇಗೆ... ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ನೀನೇ ಭಾವನಿಗೆ ಹಾಕಿ ನೋಡಿದ್ದಿ. ಹಾಗೇ ಗಡಿಬಿಡಿಯಲ್ಲಿ ಬ್ಯಾಗಿಗೆ... ಇಡೀ ದಿನ ಆಸ್ಪತ್ರೆಯ ಲಾಕರಿನಲ್ಲಿ ಇತ್ತಾ ಅದು? ನಿನಗೂ ಈಗಲೇ ಸಿಕ್ಕಿದ್ದಾ?

ಬೈ ಅಕ್ಕ, ಬೇಕಾದಷ್ಟು ಬೈ.

ಹೆದರಿಕೆ ಆಯ್ತು ನನಗೆ. ಆ ಕೋಣೆಯ ಗಾಳಿ ಅಂದ್ರೇ ಹೆದರಿಕೆ. ಮೊದಲ ಎರಡು ದಿನ ಹೋದೆ, ನಿಜವಾಗಿ ಹೋದೆ. ನಿನ್ನೆ ನೋಡ್ಲಿಕ್ಕೆ ಒಳಗೆ ಹೋಗ್ಲೇ ಇಲ್ಲ. ಹೊರಗಿಂದ 'ಹೇಗಿದ್ದೀರಿ ಭಾವ' ಅಂತ ಕೇಳಿದ್ರೆ 'ಆರಾಮ' ಅಂತಿದ್ರು. ಆರಾಮ ಅಂದ್ರೆ ತೊಂಬತ್ತಾರೋ ತೊಂಬತ್ತೇಳೋ ಇರ್ತದೆ ಅಂತ ಬರೀತಾ ಹೋದೆ. ಐದರದ್ದು, ಆರರದ್ದು ಮ್ಯಾಚಿಗೆ ಕೂರುವ ಮೊದಲೇ ಬರೆದಿಟ್ಟೆ. ಒಂದು ಸಲ, ಒಂದೇ ಸಲ ಆ ಡಬ್ಬಿಯ ಮುಚ್ಚಳ ತೆಗೆದಿದ್ರೆ ಸಾಕಿತ್ತಲ್ಲ. ಖಾಲಿ ಉಂಟು ಅಂತ ನಿನಗೆ ಫೋನ್ ಮಾಡ್ತಿದ್ದೆ. ಮಧ್ಯಾಹ್ನವೇ ನೀನು ಯಾರನ್ನಾದ್ರೂ ಕಳಿಸ್ತಿದ್ದಿ.

ಹೊರಟೆಯಾ? ಅಲ್ಲಿಯ ಡಾಕ್ಟ್ರಿಗೆ ಎಂತ ಹೇಳ್ತೀಯ?... ಪುಸ್ತಕ ಇಲ್ಲೇ ಬಿಟ್ಟೆಯಲ್ಲ. ಹೌದು, ಇನ್ನು ಅದು ಯಾಕೆ.

ಅಕ್ಕ, ಭಾವನಿಗೆ ಎಚ್ಚರ ಆದ್ರೆ... ಆದ್ರೆ ಬೆಟ್ ಎಂತಾಯ್ತು ಅಂತ ಅವರು ಕೇಳ್ಬಹುದು. ಲೋಕೇಶನ ಮೆಸೇಜು ಅದೇ, ನಿನ್ನೆಯಿಂದ ಕಳಿಸ್ತಾ ಇದ್ದಾನೆ. ಹತ್ತನೇ ಕಾರ್ನರ್ ಬಂತು. ಲೋಟದ ಸದ್ದು ನಿಂತು ಎರಡೇ ನಿಮಿಷಕ್ಕೆ ಬಂತು. ನಾಲ್ಕೂ ಸರಿಯಾಯ್ತು ಅಕ್ಕ.