ಮರಿಯ ಜೊತೆ ತಾಯಿಯನ್ನೂ ತನ್ನಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಬೆಕ್ಕು ಸಾಕಿರುವ ಮತ್ತು ಬೆಕ್ಕೇ ಸಾಕಿಕೊಂಡಿರುವ ಸಭಿಕರೇ,

ನಮ್ಮ ಪ್ರಾಣಿ ಚಿಕಿತ್ಸಾಲಯದ ವಾರ್ಷಿಕೋತ್ಸವದಲ್ಲಿ ವೈದ್ಯೆಯಾದ ನಾನು ನಾಲ್ಕು ಒಳ್ಳೆಯ ಮಾತಾಡಿ ಕೂರಬೇಕಿತ್ತು. ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ತಿಂಗಳು ಅಧ್ಯಕ್ಷರ ಮುದ್ರಣಾಲಯದ ಗೋದಾಮಿನಲ್ಲಿ ಬೂದು ಬೆಕ್ಕೊಂದು ಮರಿ ಹಾಕಿತು. ಅವರ ಮ್ಯಾನೇಜರು ನಾಲ್ಕು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದರು. ಮೂಗು ಸೋರುತ್ತಿತ್ತು, ಕೀವು ಕಟ್ಟಿ ಕಣ್ಣು ಅಂಟಿಕೊಂಡಿದ್ದವು. ತಾಯಿ ಎಲ್ಲಿ ಎಂದೆ.

“ರೋಗ ಹಚ್ಚಿದ್ದೇ ಅದು, ಡಾಕ್ಟ್ರೇ. ಯಜಮಾನ್ರು ಊರಾಚೆ ಬಿಟ್ಟು ಬಾ ಅಂದ್ರು, ಬಿಟ್ಟು ಬಂದೆ.”

ಹೌದು ಸ್ವಾಮಿ, ಹಚ್ಚಿದ್ದು ಅದೇ. ಈ ನೆಗಡಿಯ ವೈರಸ್ಸು ಒಮ್ಮೆ ಹೊಕ್ಕರೆ ಬೆಕ್ಕಿನ ಮೈಯಲ್ಲೇ ಮಲಗಿರುತ್ತದೆ. ಹೆತ್ತು ಹಾಲೂಡಿಸುವ ಆಯಾಸಕ್ಕೆ ಎದ್ದು ಕೂರುತ್ತದೆ. ಆಗ ತಾಯಿ ಏನು ಮಾಡಬೇಕು? ಮರಿಯನ್ನು ನೆಕ್ಕದೆ ಇರಬೇಕೇ? ಹಾಲು ಕೊಡದೆ ಇರಬೇಕೇ? ಬಸುರಾಗುವ ಮೊದಲೇ ಲಸಿಕೆ ಹಾಕಿಸಿದ್ದರೆ ಅದೇ ಹಾಲಿನಲ್ಲಿ ಮರಿಗಳಿಗೆ ಒಂದಿಷ್ಟು ರಕ್ಷಣೆಯೂ ಸಿಗುತ್ತಿತ್ತು. ಇಲಿ ಹಿಡಿಯುವಾಗ ಬೆಕ್ಕು ನಿಮ್ಮದು, ಸೀನಿದಾಗ ಯಾರದ್ದೂ ಅಲ್ಲವೇ?

ನಮ್ಮಮ್ಮನಿಗೂ ಕೆಮ್ಮಿತ್ತು. ಕ್ಷಯ. ತಮ್ಮನಿಗೆ ಅಂಟಿತು. ಮನೆಯವರು ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು, ಅವನು ಉಳಿಯಲಿಲ್ಲ. “ಹೆತ್ತವಳೇ ಮಗೂನ ತಿಂದ್ಕೊಂಡ್ಲು” ಎಂದರು ನಮ್ಮ ಸೋದರತ್ತೆ. ಅಮ್ಮನನ್ನು ಹಿಂದಿನ ಕೋಣೆಗೆ ಹಾಕಿದರು. ಮಾತ್ರೆ ಆಗಲೂ ಪುಕ್ಕಟೆ ಸಿಗುತ್ತಿತ್ತು. ಕರೆದುಕೊಂಡು ಹೋಗುವವರು ಸಿಗಲಿಲ್ಲ. ನಾನು ಕಿಟಕಿಯಿಂದಲೇ ಜಡೆ ಹಾಕಿಸಿಕೊಳ್ಳುತ್ತಿದ್ದೆ, ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡು... ಇರಲಿ. ಬೆಕ್ಕಿನ ವಿಷಯ ಹೇಳುತ್ತಿದ್ದೆ.

ಎರಡು ಮರಿ ಸತ್ತವು. ಮ್ಯಾನೇಜರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಾಚೆ ಹೋದೆ. ಇಟ್ಟಿಗೆ ರಾಶಿಯ ಸಂದಿಯಲ್ಲಿ, ಮೊಲೆ ಬಾತು ಮಲಗಿದ್ದ ಬೆಕ್ಕು ಸಿಕ್ಕಿತು. ಔಷಧಿ ಕೊಟ್ಟು, ಚೇತರಿಸಿಕೊಂಡ ಮೇಲೆ ಉಳಿದ ಮರಿಗಳ ಹತ್ತಿರ ಬಿಟ್ಟೆ. ಅದು ಕೂಡಲೇ ಹಾಲು ಕೊಡಲಿಲ್ಲ. ಪೆಟ್ಟಿಗೆಯ ಮೂಲೆ ಮೂಲೆ ಮೂಸಿತು, ಇನ್ನೆರಡು ಎಲ್ಲಿ ಎಂದು. ಆಮೇಲೆ ಮಲಗಿತು. ಇವೆರಡೂ ಉಳಿದುಕೊಂಡವು.

ಮರಿಗಳ ಕೋಣೆಗೆ ಅಧ್ಯಕ್ಷರು ಪಂಜರಗಳನ್ನು ದಾನ ಕೊಟ್ಟಿದ್ದಾರೆ. ಸಂತೋಷ. ನಾಳೆಯಿಂದ ಅದು ತಾಯಿ-ಮರಿಗಳ ಕೋಣೆ. ಒಪ್ಪಿಗೆಯಿಲ್ಲದಿದ್ದರೆ ಪಂಜರ ವಾಪಸು ಒಯ್ಯಿರಿ. ಬೆಕ್ಕುಗಳು ನನ್ನ ಮೇಜಿನ ಕೆಳಗಿರುತ್ತವೆ. ತಾಯಿಯನ್ನು ಮಾತ್ರ ಇನ್ನು ಯಾರೂ ಹೊರಗೆ ಹಾಕುವಂತಿಲ್ಲ.

ಹಬ್ಬದಂಥ ದಿನ ಬೈಗುಳ ಬಡಿಸಿದರೂ ಎದ್ದು ಹೋಗದೆ ಕೂತಿರಿ, ಋಣಿಯಾಗಿದ್ದೇನೆ. ನಮಸ್ಕಾರ.