ಮಸಿ ಹಿಡಿಯದ ಚಿಲುಮೆ

ಸಿಂಧನೂರು ಬಸ್ ನಿಲ್ದಾಣದಲ್ಲಿ ಗೊರೇಬಾಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನ ಮೇಲೆ ತಾಯಿ, ಮಗ. ಮಗನ ಕೈಯಲ್ಲಿ ಬೆಳ್ಳಿ ಪಟ್ಟಿಯ ಮಣ್ಣಿನ ಚಿಲುಮೆ.

“ತಿಕ್ಕಿಸಿ ಹೊಳಪು ಮಾಡಿಸೋಣಂತ ಲಿಂಗಸುಗೂರಾಗ ಬೆಳ್ಳಿ ಕೆಲಸದಂವಗ ಕೊಟ್ರ, ಪಟ್ಟಿ ನೂರು ವರ್ಷದ್ದು, ಮಣ್ಣು ಈಚಿಂದು ಅಂದ. ಒಳಗ ಮಸೀನೇ ಇಲ್ಲಂತ, ಯಾರೂ ಸೇದಿಲ್ಲಂತ.”

“ನಿಮ್ಮ ಮುತ್ಯಾಂದು ಅದು. ಸುಮ್ನ ಜಗಲಿ ಮ್ಯಾಲ ಇಡು.”

“ಮುತ್ಯಾ ಸಾಯೂತನಕ ಸೇದ್ಯಾನ. ಮಸಿ ಎಲ್ಲಿ ಹೋತು? ಗೊತ್ತಾಗಬಾರ್ದಂತ ಪಟ್ಟಿ ಮಾತ್ರ ಬಿಟ್ಟು, ಮುತ್ಯಾನ ಚಿಲುಮಿ ಕಾಕಾನೇ ಹಳೇ ಸಾಮಾನಿನವ್ರಿಗೆ ಮಾರ್ಕೊಂಡಾನ. ಇವತ್ತು ಅವನ್ನ ಅವನ ಮನಿ ಮುಂದ ನಿಂದ್ರಿಸಿ ಕೇಳ್ತೀನಿ.”

“ನಿಂಗರಾಜಾ, ಮೆಲ್ಲಕ ಮಾತಾಡು.”

“ನಿನ್ನೆ ಫೋನಿನ್ಯಾಗ ಕಳ್ಳ ಅಂದೆ. ತಿರುಗಿ ಒಂದು ಮಾತೂ ಆಡ್ಲಿಲ್ಲ.”

ತಾಯಿ ಚಿಲುಮೆ ಕಸಿದುಕೊಂಡು ಸೆರಗಿನಲ್ಲಿ ಸುತ್ತಿದಳು.

“ನಿಮ್ಮ ಮುತ್ಯಾ ತೀರಿಕೊಂಡ ಮ್ಯಾಲ, ನಾ ಮದುವ್ಯಾಗಿ ಬಂದ ವರ್ಷ ತೊಳಿಯಾಕ ಹೋಗಿ ಒಡದೆ. ನಿಮ್ಮಪ್ಪನ ಸಿಟ್ಟು ನಿನಗ ಗೊತ್ತೈತಿ. ನಿಮ್ಮ ಕಾಕಾನೇ ಮಸ್ಕಿ ಕುಂಬಾರರ ಕಡೆ ಹೊಸಾದು ಮಾಡಿಸಿ, ಹಳೇ ಪಟ್ಟಿ ಕೂಡಿಸಿ ತಂದು ಇಟ್ಟ.”

“ಮತ್ತ ನಿನ್ನೆ ಯಾಕ ಹೇಳ್ಲಿಲ್ಲ ಅಂವ?”

“ಯಾರಿಗೂ ಹೇಳಂಗಿಲ್ಲಂತ ಅವತ್ತೇ ನನಗ ಮಾತು ಕೊಟ್ಟಾನ.”

ಬಸ್ಸು ಬಂತು. ತಾಯಿ ಎದ್ದಳು. ಮಗ ಕೂತೇ ಇದ್ದ.

“ಏಳಲೇ. ಮನಿ ಮುಂದ ನಿಂದ್ರಿಸ್ತೀನಿ ಅಂದಿದ್ದಿ ಅಲ್ಲ? ನಡಿ, ನಾವಿಬ್ರೂ ನಿಂದ್ರೂಣು.”