ಬೆನ್ನು ತಿರುಗಿಸಿ ನಿಂತ ಕೋಚ್

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ದುಡ್ಡಿನ ಶ್ರೀಮಂತ ಅಲ್ಲ, ಅವಸರ ಮಾಡಬೇಡಿ. ಎಡಗಾಲಿನ ಶ್ರೀಮಂತ. ರೈಲ್ವೆ ಮೈದಾನದಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿದ ಹುಡುಗ, ಬೆಳೆದು ಭಾರತ ತಂಡದ ನೀಲಿ ಜೆರ್ಸಿ ಹಾಕಿದ. ಅವನು ಎಡಗಾಲಲ್ಲಿ ಹೊಡೆದರೆ ಚೆಂಡು ಅಡ್ಡ ನಿಂತವರನ್ನೆಲ್ಲ ಬಳಸಿಕೊಂಡು ಹೋಗಿ ಬಲೆಯೊಳಗೆ ಬೀಳುತ್ತಿತ್ತು. ಊರವರು ತಮ್ಮ ಮಕ್ಕಳಿಗೆ ಅವನ ಹೆಸರಿಟ್ಟರು. ಆಮೇಲೆ ಮೊಣಕಾಲು ಹೋಯಿತು. ಹೋಗದೆ ಇರುತ್ತದೆಯೇ? ದೇಶಕ್ಕಾಗಿ ಆಡಿದವನದೂ ಹೋಗುತ್ತದೆ, ಪಾಸ್ಟರನದೂ ಹೋಗುತ್ತದೆ. ನಾನು ಈ ಚರ್ಚಿನ ಮೆಟ್ಟಿಲು ಹತ್ತುವುದನ್ನು ಪ್ರತಿ ಭಾನುವಾರ ನೋಡುತ್ತೀರಲ್ಲ.

ಊರಿಗೆ ಬಂದು ಹುಡುಗಿಯರ ತಂಡಕ್ಕೆ ಕೋಚ್ ಆದ. ಒಳ್ಳೆಯ ಮನುಷ್ಯ. ಪ್ರಾಕ್ಟೀಸಿಗೆ ಮುಂಚೆ ಮೈದಾನದ ಗಾಜಿನ ಚೂರುಗಳನ್ನು ತಾನೇ ಆರಿಸುತ್ತಿದ್ದ. ಯಾರ ಬೂಟು ಹರಿದರೂ ತಾನೇ ಒಯ್ದು ಹೊಲಿಸಿ ತರುತ್ತಿದ್ದ. ಆದರೆ ಒಂದು ಚಟ. ಕಾಲು ನಿವೃತ್ತಿ ಆಗಿತ್ತು, ಬಾಯಿ ಆಗಿರಲಿಲ್ಲ. ಮ್ಯಾಚ್ ಶುರುವಾಯಿತೋ, ಗೆರೆಯ ಪಕ್ಕ ಓಡಾಡುತ್ತ, "ಎಡಕ್ಕ ತಗೋ! ತಿರುಗು! ಹೊಡಿ!" ಚೆಂಡು ಹುಡುಗಿಯ ಕಾಲಿಗೆ ಬಂದರೆ ಒದೆಯುತ್ತಿದ್ದದ್ದು ಇವನ ಕಾಲು. ಎದುರಿಗೆ ನೀರಿನ ಬಾಟ್ಲಿ ಇದ್ದರೆ ಮುಗಿಯಿತು ಅದರ ಕಥೆ. ಬೆಂಚಿನ ಮೇಲಿನ ಹುಡುಗಿಯರು ಅವನು ಹತ್ತಿರ ಬಂದರೆ ಬಾಟ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ನಗಿ, ನಗಿ. ನಿಮ್ಮ ಸರದಿಯೂ ಬರುತ್ತದೆ.

ಆ ತಂಡದಲ್ಲಿ ಒಬ್ಬಳು ಹುಡುಗಿ ಇದ್ದಳು. ತಾಯಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಈ ವರ್ಷ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಮಗಳಿಗೆ ಆಟ ಉಂಟು. ಇಲ್ಲವೆಂದರೆ ತಾಯಿಯ ಪಕ್ಕ ಇನ್ನೊಂದು ಒಲೆ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು.

ಸೆಮಿಫೈನಲ್ ಮ್ಯಾಚು. ಎದುರು ತಂಡದ ಗೋಲ್‌ಕೀಪರ್ ಜಾರಿ ಬಿದ್ದಿದ್ದಾಳೆ. ಗೋಲು ಖಾಲಿ. ಚೆಂಡು ನಮ್ಮ ಹುಡುಗಿಯ ಕಾಲಲ್ಲಿದೆ. ಏನು ಮಾಡಬೇಕು? ಸಂಡೇ ಸ್ಕೂಲಿನ ಮಗುವೂ ಹೇಳುತ್ತದೆ, ಹೊಡೆಯಬೇಕು. ಅವಳೇನು ಮಾಡಿದಳು? ತಿರುಗಿ ಕೋಚಿನ ಮುಖ ನೋಡಿದಳು. ಅಷ್ಟೇ. ಅವಳು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಚೆಂಡು ಬೇರೆಯವರ ಕಾಲಲ್ಲಿತ್ತು.

ಇನ್ನೊಬ್ಬಳ ಗೋಲಿನಿಂದ ತಂಡ ಹೇಗೋ ಫೈನಲ್ ಸೇರಿತು ಅನ್ನಿ. ಆದರೆ ಕೋಚಿಗೆ ಸಿಟ್ಟು ನೆತ್ತಿಗೇರಿತ್ತು.

"ನನ್ನ ಮಾರಿ ಮ್ಯಾಲೆ ಗೋಲ್ ಐತೇನು? ಯಾಕ ನೋಡಿದಿ?"

ಹುಡುಗಿ ತಲೆ ತಗ್ಗಿಸಿದಳು. "ನೀವು ಹೇಳ್ತೀರಿ ಅಂತ ಕಾದೆ ರೀ, ಸರ್."

ಅವನು ಮನೆಗೆ ಹೋಗಿ, ಊಟಕ್ಕೆ ಕೂತು, ನಡೆದದ್ದನ್ನು ಹೆಂಡತಿಗೆ ಹೇಳಿದ. ಹೆಂಡತಿ ಎಲ್ಲ ಕೇಳಿಸಿಕೊಂಡು, "ಸಣ್ಣವರಿದ್ದಾಗ ನಿಮ್ಮ ಮಾಸ್ತರು ನಿಮಗೂ ಹಿಂಗ ಒದರ್ತಿದ್ರೇನ್ರೀ?" ಎಂದಳು.

ಮಾಸ್ತರು! ಪ್ರಾಕ್ಟೀಸಿನಲ್ಲಿ ಬೆವರಿಳಿಸಿ ಕಲಿಸುತ್ತಿದ್ದರು. ಮ್ಯಾಚಿನ ದಿನ ಮಾತ್ರ ಗೋಲಿನ ಹಿಂದಿನ ಕಲ್ಲಿನ ಮೇಲೆ ಕೂತು ಶೇಂಗಾ ಬಿಡಿಸಿ ತಿನ್ನುತ್ತಿದ್ದರು. ಒಂದು ಮಾತಿಲ್ಲ. ಗೆದ್ದರೂ ಸೋತರೂ ಕೊನೆಗೆ ಕೇಳುವುದು ಒಂದೇ, "ಹಸಿವಾತೇನೋ?" ಉಳಿದ ಶೇಂಗಾ ಹುಡುಗರ ಅಂಗೈಗೆ ಬೀಳುತ್ತಿತ್ತು.

"ಅವರಿಗೆ ಹೇಳಾಕ ಏನೂ ಇಲ್ಲ ಅಂತ ತಿಳಿದಿದ್ನಲ್ಲೇ," ಎಂದ. "ಹುಡುಗ್ರು ತಾವ ಆಡ್ಲಿ ಅಂತ ಬಾಯಿ ಬಿಗಿಹಿಡಿದು ಕುಂತಿದ್ರು ನನ್ನ ಮಾಸ್ತರು." ಆ ದೊಡ್ಡ ಮನುಷ್ಯ ತಾಟಿನ ಮುಂದೆ ಕೂತು ಅತ್ತ.

ಫೈನಲ್ ಬಂತು. ಆಯ್ಕೆ ಮಾಡುವವರು ಕುರ್ಚಿ ಹಾಕಿ ಕೂತಿದ್ದರು. ಕೋಚಿನ ಜೇಬಿನ ತುಂಬ ಶೇಂಗಾ. ಕೂಗಬೇಕು ಅನ್ನಿಸಿದಾಗಲೆಲ್ಲ ಒಂದು ಹಿಡಿ ಬಾಯಿಗೆ. ಪಾಪ, ದವಡೆ ನೋಯುವ ತನಕ ತಿಂದ. ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಗೋಲಿಲ್ಲ. ಆಗ ಚೆಂಡು ನಮ್ಮ ಹುಡುಗಿಗೆ ಸಿಕ್ಕಿತು. ಅಭ್ಯಾಸ ಬಿಡುತ್ತದೆಯೇ? ಅವಳ ಕತ್ತು ಮತ್ತೆ ಕೋಚಿನ ಕಡೆ ತಿರುಗಿತು.

ಕೋಚ್ ಅವಳಿಗೆ ಬೆನ್ನು ಮಾಡಿ ನಿಂತುಬಿಟ್ಟ.

ಯೋಚನೆ ಮಾಡಿ. ಜೀವಮಾನವೆಲ್ಲ ಚೆಂಡಿನ ಮೇಲೆ ಕಣ್ಣಿಟ್ಟು ಬದುಕಿದ ಮನುಷ್ಯ, ಆ ಹೊತ್ತಿನಲ್ಲಿ ಕಾಂಪೌಂಡ್ ಗೋಡೆ ನೋಡುತ್ತ ನಿಂತಿದ್ದ. ಅವನ ಕಾಲು ಒದೆಯಲಿಲ್ಲ. ಬಾಟ್ಲಿ ನಿಂತಲ್ಲೇ ನಿಂತಿತ್ತು. ಹುಡುಗಿಗೆ ಅವನ ಮುಖವೂ ಸಿಗಲಿಲ್ಲ, ಮಾತೂ ಸಿಗಲಿಲ್ಲ. ಗೋಲಿನ ಕಡೆ ತಿರುಗಿ, ತನ್ನ ಬಲಗಾಲಲ್ಲಿ ಹೊಡೆದಳು. ಬಲಗಾಲು! ಕೋಚ್ ಕೂಗಿದ್ದರೆ ಎಡಕ್ಕೆ ಅನ್ನುತ್ತಿದ್ದ, ಎದುರಾಳಿ ಕಾದು ನಿಂತದ್ದೂ ಎಡಕ್ಕೇ. ಬೆಂಚಿನ ಹುಡುಗಿಯರು ಚೀರಿ ಎದ್ದಾಗ ಅವನಿಗೆ ತಿಳಿಯಿತು, ಚೆಂಡು ಬಲೆ ಸೇರಿದೆ ಎಂದು.

ಹುಡುಗಿ ಓಡಿ ಬಂದಳು. "ಸರ್, ನೋಡಿದ್ರಿ?"

"ಇಲ್ಲವ್ವಾ, ನೋಡಲಿಲ್ಲ."

"ಯಾಕ್ರೀ ಸರ್?"

"ನೋಡಿದ್ರ ಒದರತಿದ್ದೆ." ಅವನ ಕಣ್ಣು ತುಂಬಿತ್ತು. ಜೇಬಿಗೆ ಕೈ ಹಾಕಿದ. "ಹಸಿವಾತೇನವ್ವಾ?"

ಅವಳು ಆಯ್ಕೆಯಾದಳು. ಕಥೆ ಮುಗಿಯಿತು. ಈಗ ನಿಮ್ಮ ಸರದಿ, ನಗುತ್ತಿದ್ದಿರಲ್ಲ.

ಎಲೀಷಪ್ಪನವರೇ, ನಿಮ್ಮ ಅಂಗಡಿಯಲ್ಲಿ ಗಿರಾಕಿ ರೇಟು ಕೇಳಿದರೆ ನಿಮ್ಮ ಮಗ ಯಾರ ಮುಖ ನೋಡುತ್ತಾನೆ? ಮೀಸೆ ಬಂದ ಮಗ, ಎರಡು ಮಕ್ಕಳ ತಂದೆ! ಅತ್ತೆಯಂದಿರೇ, ಸೊಸೆ ಉಪ್ಪಿನ ಡಬ್ಬಿಗೆ ಕೈ ಹಾಕುವ ಮೊದಲು ನಿಮ್ಮ ಕಡೆ ನೋಡುತ್ತಾಳಲ್ಲ, ಅದನ್ನು ಗೌರವ ಅಂದುಕೊಂಡಿದ್ದೀರಾ? ಅದು ಗೌರವ ಅಲ್ಲ, ಅಂಜಿಕೆ. ಅವರ ಕಾಲಿನ ಚೆಂಡನ್ನು ನೀವು ಒದೆಯುತ್ತಿದ್ದೀರಿ.

ಇನ್ನೊಂದು ಮಾತು. ಪ್ರಾರ್ಥನೆಗೆ ಉತ್ತರ ಬರಲಿಲ್ಲ, ದೇವರು ನನಗೆ ಬೆನ್ನು ಮಾಡಿದ ಅಂತ ನನ್ನ ಹತ್ತಿರ ಬಂದು ಅಳುತ್ತೀರಿ. ಮಾಡಿರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಕಡೆ ಹೋಗಿ ಅವನ ಮುಖ ನೋಡಿದ್ದೀರಾ? ಕಣ್ಣು ತುಂಬಿರುತ್ತದೆ. ಕಲಿಸುವುದನ್ನೆಲ್ಲ ಕಲಿಸಿದ್ದಾನೆ. ನಿಮ್ಮ ಕಾಲಿನ ಮೇಲೆ ನಿಮಗಿಲ್ಲದ ನಂಬಿಕೆ ಅವನಿಗಿದೆ. ಹೊಡೆಯಿರಿ.

ಇವತ್ತು ಮನೆಗೆ ಹೋಗುವಾಗ ಒಂದು ಪೊಟ್ಟಣ ಶೇಂಗಾ ತಗೊಂಡು ಹೋಗಿ. ಮಗನೋ ಸೊಸೆಯೋ ಏನಾದರೂ ಮಾಡಹೊರಟು ನಿಮ್ಮ ಮುಖ ನೋಡಿದರೆ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಆ ಕಡೆ ತಿರುಗಿ. ಕೆಡಿಸಲಿ, ಬಿಡಿ. ಸಾರಿಗೆ ಉಪ್ಪು ಹೆಚ್ಚಾದರೆ ಯಾರೂ ಸಾಯುವುದಿಲ್ಲ. ಕೆಲಸ ಮುಗಿದ ಮೇಲೆ ತಪ್ಪು ಹುಡುಕಬೇಡಿ. ಹಸಿವಾಯಿತಾ ಅಂತ ಕೇಳಿ, ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ.